ಸ್ತ್ರೀಯರ ತಿಂಗಳ ನೋವಿಗೆ ಗಿಡಮೂಲಿಕೆಯ ಗುಳಿಗೆ: ಪರೀಕ್ಷೆಗಳಿಂದ ತಿಳಿದುಬಂದುದೇನು?

ಬೀಜ, ಗೊಬ್ಬರ, ದನಕರು, ಕಾಲುವೆಯ ನೀರು ಮುಂತಾದವುಗಳ ವಿಚಾರವು ಈ ಪತ್ರಿಕೆಯಲ್ಲಿ ಬರುವುದು ವಾಡಿಕೆ. ಹೆಣ್ಣುಮಕ್ಕಳ ವ್ಯಾಧಿಯೊಂದನ್ನು ಕುರಿತು ಇಲ್ಲಿ ಬರೆಯುವುದು ಕೆಲವು ವಾಚಕರಿಗೆ ಹೊಸದಾಗಿ ತೋರಬಹುದು. ಆದರೆ ಹೀಗೆ ಬರೆಯುವುದಕ್ಕೆ ಮೂರು ಕಾರಣಗಳುಂಟು. ಗಂಗಾವತಿಯ ಗದ್ದೆಗಳಲ್ಲಿ ಸಸಿ ನೆಡುವವರೂ, ಕುಷ್ಟಗಿ ಯಲಬುರ್ಗಾ ಸೀಮೆಯ ಜೋಳ ಸಜ್ಜೆಯ ಹೊಲಗಳಲ್ಲಿ ಕಳೆ ತೆಗೆಯುವವರೂ ಬಹುಮಟ್ಟಿಗೆ ಹೆಂಗಸರೇ ಆಗಿರುವುದರಿಂದ, ಅವರ ದೇಹಸ್ಥಿತಿಯು ಒಕ್ಕಲುತನದ ವಿಷಯವೂ ಆಗಿದೆ. ಇದು ಮೊದಲನೆಯದು. ಈ ವ್ಯಾಧಿಗೆಂದು ಪೇಟೆಯಲ್ಲಿ ಮಾರಲ್ಪಡುವ ಗುಳಿಗೆ, ಚೂರ್ಣ, ಅರಿಷ್ಟಗಳು ಬೇರು, ತೊಗಟೆ, ಗೆಡ್ಡೆಗಳಿಂದಾದವು. ಎಂದರೆ ಭೂಮಿಯ ಉತ್ಪನ್ನಗಳು. ಇದು ಎರಡನೆಯದು. ಅಂತಹ ಔಷಧವು ನಿಜವಾಗಿ ಗುಣಕಾರಿಯೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಕ್ರಮವು ಮೊದಲು ಹುಟ್ಟಿದುದು ಆಸ್ಪತ್ರೆಯಲ್ಲಲ್ಲ, ಹೊಲದಲ್ಲಿ. ಇದು ಮೂರನೆಯದು. ಊರಿನ ಗೌಡರೂ ಜಮೀನುದಾರರೂ ಆ ಕ್ರಮವನ್ನು ಚೆನ್ನಾಗಿ ಬಲ್ಲವರಾದುದರಿಂದ, ಈ ವಿಷಯದಲ್ಲಿ ಅವರ ವಿವೇಕವು ಬಹಳ ಮನೆಗಳಿಗೆ ಉಪಕಾರಿಯಾಗಬಲ್ಲುದು.

೧. ವ್ಯಾಧಿಯ ಸ್ವರೂಪ

ಈ ವ್ಯಾಧಿಗೆ ವೈದ್ಯರು ಎಂಡೊಮೆಟ್ರಿಯೋಸಿಸ್ ಎಂದು ಹೆಸರಿಟ್ಟಿದ್ದಾರೆ. ಗರ್ಭಕೋಶದ ಒಳಗೋಡೆಗೆ ಒಂದು ತೆಳುವಾದ ಪೊರೆಯುಂಟು. ಅದು ತಿಂಗಳು ತಿಂಗಳು ಬೆಳೆದು, ಗರ್ಭ ನಿಲ್ಲದಿದ್ದಾಗ ಮುಟ್ಟಿನೊಡನೆ ಕಳಚಿ ಹೊರಗೆ ಹೋಗುತ್ತದೆ. ಅದೇ ಜಾತಿಯ ಪೊರೆಯು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆಯೋ ಕಿಬ್ಬೊಟ್ಟೆಯ ಒಳಗೋಡೆಯ ಮೇಲೆಯೋ ಕರುಳಿನ ಮೇಲೆಯೋ ಬೆಳೆದರೆ ಅದೇ ಈ ವ್ಯಾಧಿ. ಹೊಲದಲ್ಲಿ ಬಿತ್ತಬೇಕಾದ ಕಾಳು ಬದುವಿನಾಚೆ ಬಿದ್ದು ಮೊಳೆತಂತೆ ಇದನ್ನು ತಿಳಿಯಬಹುದು. ಹೊಲಕ್ಕೆ ಮಳೆಯಾದಾಗ ಬದುವಿನ ಬೆಳೆಯೂ ಚಿಗುರುವ ಹಾಗೆ, ಶರೀರದಲ್ಲಿ ತಿಂಗಳ ಚಕ್ರವು ತಿರುಗಿದಾಗ ಈ ಹೊರಗಿನ ಪೊರೆಯೂ ಕೆರಳುತ್ತದೆ. ಆದರೆ ಅದರ ರಕ್ತವು ಹೊರಗೆ ಹೋಗಲು ದಾರಿಯಿಲ್ಲ. ಅಲ್ಲಿ ಉರಿಯೂತವುಂಟಾಗಿ, ಕಾಲಾಂತರದಲ್ಲಿ ಗಂಟುಗಳೂ ಅಂಟುಗಳೂ ಕಟ್ಟಿಕೊಂಡು ತೀವ್ರವಾದ ನೋವನ್ನು ಕೊಡುತ್ತವೆ.

ಮುಟ್ಟಿನ ದಿನಗಳಲ್ಲಿ ಸ್ವಲ್ಪ ಹೊಟ್ಟೆನೋವು ಅನೇಕರಿಗೆ ಇರುವುದೇ. ಅದೆಲ್ಲವೂ ಈ ವ್ಯಾಧಿಯಲ್ಲ. ಎದ್ದು ನಿಲ್ಲಲಾಗದಷ್ಟು ನೋವು, ವರ್ಷದಿಂದ ವರ್ಷಕ್ಕೆ ಹೆಚ್ಚುವ ನೋವು, ಮುಟ್ಟಿನ ದಿನಗಳಲ್ಲಿ ಮಲಮೂತ್ರ ವಿಸರ್ಜನೆಯ ಕಾಲದಲ್ಲಿಯೂ ನೋವು, ದಾಂಪತ್ಯದಲ್ಲಿ ನೋವು, ಬಹುಕಾಲ ಗರ್ಭ ನಿಲ್ಲದಿರುವಿಕೆ ಇವು ಕಂಡಲ್ಲಿ ಶಂಕಿಸತಕ್ಕದ್ದು. ಪ್ರಪಂಚದಲ್ಲಿ ಮಕ್ಕಳನ್ನು ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೧೦ ಮಂದಿಗೆ, ಒಟ್ಟು ಸುಮಾರು ೧೯ ಕೋಟಿ ಜನರಿಗೆ, ಈ ವ್ಯಾಧಿಯಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಈ ಲೆಕ್ಕವನ್ನು ಹಿಡಿದರೆ, ಆ ವಯಸ್ಸಿನ ೫೦೦ ಮಂದಿ ಹೆಂಗಸರಿರುವ ಊರಿನಲ್ಲಿ ೫೦ ಮಂದಿ ಈ ನೋವನ್ನು ಅನುಭವಿಸುತ್ತಿರಬಹುದು. ಅವರಲ್ಲಿ ಬಹುಮಂದಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೂ "ಎಲ್ಲರಿಗೂ ಇರುವುದೇ" ಎಂಬ ಉತ್ತರ ಬರುವುದರಿಂದ, ವ್ಯಾಧಿ ಇಂತಹುದೆಂದು ಗೊತ್ತಾಗುವುದಕ್ಕೆ ಹಲವು ವರ್ಷಗಳು ಕಳೆದುಹೋಗುತ್ತವೆ. ಅಷ್ಟರಲ್ಲಿ ಕೂಲಿಯ ದಿನಗಳು ತಪ್ಪುತ್ತವೆ. ಸೋಮಾರಿಯೆಂಬ ಮಾತು ಬರುತ್ತದೆ. ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ತವರಿಗೆ ಕಳುಹಿಸುವ ಮಾತೂ ಹಿರಿಯರ ಮುಂದೆ ಬರುವುದುಂಟು.

೨. ಹೊಲದಿಂದ ಆಸ್ಪತ್ರೆಗೆ ಹೋದ ವಿದ್ಯೆ

ಹೊಸ ಗೊಬ್ಬರವನ್ನು ಮಾರುವವನು ಬಂದು, "ಇದನ್ನು ಹಾಕಿದ ಇಂಥವರ ಗದ್ದೆಯಲ್ಲಿ ಎಕರೆಗೆ ಐದು ಚೀಲ ಹೆಚ್ಚು ಬಂತು" ಎಂದು ಹೇಳಿದನೆನ್ನೋಣ. ಅನುಭವಸ್ಥನಾದ ಒಕ್ಕಲಿಗನು ಅಷ್ಟಕ್ಕೇ ಹಣ ಬಿಚ್ಚುವುದಿಲ್ಲ. ಆ ಗದ್ದೆಯು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿದೆಯೋ, ನೀರು ತಡವಾಗಿ ತಲುಪುವ ಕೆಳಭಾಗದಲ್ಲಿದೆಯೋ? ಭೂಮಿ ಸವಳೋ, ಒಳ್ಳೆಯ ಮಣ್ಣೋ? ಆ ವರುಷ ಮಳೆ ಹೇಗಿತ್ತು? ಗೊಬ್ಬರ ಹಾಕದೆ ಬಿಟ್ಟ ಪಕ್ಕದ ಗದ್ದೆಯಲ್ಲಿ ಎಷ್ಟು ಬಂತು? ಈ ಪ್ರಶ್ನೆಗಳನ್ನು ಅವನು ಕೇಳಿಯೇ ಕೇಳುತ್ತಾನೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಂತಹ ಸ್ಥಳಗಳಲ್ಲಿ ಒಂದೇ ಭೂಮಿಯನ್ನು ಸಣ್ಣ ತಾಕುಗಳಾಗಿ ವಿಂಗಡಿಸಿ, ಕೆಲವಕ್ಕೆ ಗೊಬ್ಬರ ಹಾಕಿ, ಕೆಲವನ್ನು ಹೋಲಿಕೆಗಾಗಿ ಹಾಗೆಯೇ ಬಿಡುವುದು ಇದೇ ಕಾರಣದಿಂದ.

ಈ ಕ್ರಮವನ್ನು ಶಾಸ್ತ್ರವಾಗಿ ಬೆಳೆಸಿದ ಕೀರ್ತಿಯು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗಕೇಂದ್ರಕ್ಕೆ ಸಲ್ಲತಕ್ಕದ್ದು. ೧೮೪೩ರಲ್ಲಿ ಪ್ರಾರಂಭವಾದ ಆ ಕೇಂದ್ರಕ್ಕೆ ೧೯೧೯ರಲ್ಲಿ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು ಬಂದು ಸೇರಿದರು. ಯಾವ ತಾಕಿಗೆ ಗೊಬ್ಬರ, ಯಾವುದಕ್ಕೆ ಇಲ್ಲ ಎಂಬುದನ್ನು ಪರೀಕ್ಷಕನು ತನ್ನ ಇಷ್ಟದಂತೆ ಆರಿಸದೆ ಚೀಟಿ ಎತ್ತಿದಂತೆ ನಿರ್ಣಯಿಸಬೇಕೆಂದು ಅವರು ತೋರಿಸಿಕೊಟ್ಟರು. ಹಾಗೆ ಮಾಡದಿದ್ದರೆ ಒಳ್ಳೆಯ ಮಣ್ಣಿಗೇ ಗೊಬ್ಬರ ಬಿದ್ದು, ಮಣ್ಣಿನ ಗುಣವು ಗೊಬ್ಬರದ ಗುಣವೆಂದು ಎಣಿಕೆಯಾಗುವ ಸಂಭವವುಂಟು. ೧೯೪೮ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿಯವರು ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ೧೦೭ ರೋಗಿಗಳಲ್ಲಿ ಇದೇ ಕ್ರಮದಿಂದ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದರು. ಹೊಲದ ವಿದ್ಯೆಯು ಹೀಗೆ ಆಸ್ಪತ್ರೆಯನ್ನು ಹೊಕ್ಕಿತು.

ಮನುಷ್ಯರ ವಿಷಯದಲ್ಲಿ ಇನ್ನೊಂದು ತೊಡಕುಂಟು. ಔಷಧ ಸೇವಿಸಿದೆನೆಂಬ ನಂಬಿಕೆಯೇ ನೋವನ್ನು ಸ್ವಲ್ಪ ಇಳಿಸುತ್ತದೆ. ಅಲ್ಲದೆ ನೋವು ಮಿತಿಮೀರಿದ ತಿಂಗಳಲ್ಲಿ ಔಷಧಕ್ಕೆ ತೊಡಗುವುದು ರೂಢಿಯಾದುದರಿಂದ, ಮುಂದಿನ ತಿಂಗಳಲ್ಲಿ ನೋವು ತಾನಾಗಿಯೇ ಇಳಿದರೂ ಕೀರ್ತಿಯು ಔಷಧಕ್ಕೆ ಹೋಗುತ್ತದೆ. ಆದುದರಿಂದ ಹೋಲಿಕೆಯ ಗುಂಪಿನವರಿಗೆ ಬಣ್ಣದಲ್ಲಿಯೂ ಆಕಾರದಲ್ಲಿಯೂ ಔಷಧದಂತೆಯೇ ಇರುವ, ಆದರೆ ಔಷಧವಿಲ್ಲದ ಹುಸಿಗುಳಿಗೆಯನ್ನು ಕೊಡುತ್ತಾರೆ. ಯಾರಿಗೆ ಯಾವುದು ಹೋಯಿತೆಂಬುದು ಕೊನೆಯವರೆಗೆ ರೋಗಿಗೂ ವೈದ್ಯರಿಗೂ ತಿಳಿಯದು. ಹುಸಿಗುಳಿಗೆಯ ಗುಂಪೇ ಇಲ್ಲಿಯ ಗೊಬ್ಬರವಿಲ್ಲದ ತಾಕು.

೩. ಅರಿಶಿನ ಮತ್ತು ದ್ರಾಕ್ಷಿ

ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿಯ ಸಾರವಿದೆ. ಪ್ರಯೋಗಶಾಲೆಯಲ್ಲಿ ಜೀವಕೋಶಗಳ ಮೇಲೆಯೂ ಪ್ರಾಣಿಗಳ ಮೇಲೆಯೂ ನಡೆದ ಪರೀಕ್ಷೆಗಳಲ್ಲಿ ಅದು ಉರಿಯೂತವನ್ನು ತಗ್ಗಿಸುವಂತೆ ಕಂಡುಬಂದುದರಿಂದ ಬಹಳ ಆಸೆ ಹುಟ್ಟಿತು. ಅನಂತರ ಇರಾನ್ ದೇಶದಲ್ಲಿ ಈ ವ್ಯಾಧಿಯಿರುವ ೮೬ ಮಂದಿ ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ೫೦೦ ಮಿಲಿಗ್ರಾಂ ಕರ್ಕ್ಯುಮಿನ್ ಗುಳಿಗೆಯನ್ನು ದಿನಕ್ಕೆ ಎರಡು ಸಲದಂತೆ ೮ ವಾರ ಕೊಟ್ಟರು. ಇನ್ನೊಂದು ಗುಂಪಿಗೆ ಹುಸಿಗುಳಿಗೆ. ೨೦೨೪ರಲ್ಲಿ ಪ್ರಕಟವಾದ ಫಲಿತಾಂಶವು ಹೀಗಿದೆ: ಎರಡೂ ಗುಂಪುಗಳಲ್ಲಿ ನೋವು ಇಳಿಯಿತು, ಆದರೆ ಗುಂಪು ಗುಂಪಿಗೆ ಗಣನೀಯವಾದ ಅಂತರವೇನೂ ಕಾಣಲಿಲ್ಲ. ಹೋಲಿಕೆಯ ಗುಂಪು ಇಲ್ಲದಿದ್ದರೆ ಅರಿಶಿನದಿಂದ ನೋವು ಇಳಿಯಿತೆಂದೇ ಡಂಗುರ ಸಾರಬಹುದಾಗಿತ್ತು.

ಈ ಪ್ರಮಾಣವನ್ನು ಅಡಿಗೆಯ ಅರಿಶಿನದೊಡನೆ ಹೋಲಿಸಿ ನೋಡುವುದು ಒಳ್ಳೆಯದು. ನೂರು ತೊಲೆ ಅರಿಶಿನದಲ್ಲಿ ಸಾಮಾನ್ಯವಾಗಿ ಸುಮಾರು ಮೂರು ತೊಲೆ ಮಾತ್ರ ಕರ್ಕ್ಯುಮಿನ್ ಇರುತ್ತದೆ. ಆ ಪರೀಕ್ಷೆಯಲ್ಲಿ ಒಂದು ದಿನಕ್ಕೆ ಕೊಟ್ಟಷ್ಟು ಸಾರವು ಶರೀರಕ್ಕೆ ಸೇರಬೇಕಾದರೆ ದಿನವೊಂದಕ್ಕೆ ಹತ್ತಿರ ಹತ್ತಿರ ಮೂರು ತೊಲೆ ಅರಿಶಿನವನ್ನು ತಿನ್ನಬೇಕಾಗುವುದು. ಅಡಿಗೆಗೆ ಹಾಕುವ ಚಿಟಿಕೆ ಅರಿಶಿನವು ಆಹಾರ, ಅದರಿಂದ ದೋಷವಿಲ್ಲ. ಸಾರ ತೆಗೆದು ತುಂಬಿದ ಗುಳಿಗೆಯು ಬೇರೆಯೇ ವಸ್ತು. ಅರಿಶಿನದ ಸಾರಕ್ಕೆ ಕರಿಮೆಣಸಿನ ಸಾರವನ್ನು ಬೆರೆಸಿದ ಗುಳಿಗೆಗಳನ್ನು ಸೇವಿಸಿದ ಕೆಲವರ ಯಕೃತ್ತಿಗೆ ಬಾಧೆಯಾದ ಪ್ರಕರಣಗಳು ಅಮೇರಿಕಾ ದೇಶದಲ್ಲಿ ದಾಖಲಾಗಿವೆ.

ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ಸಾರದ ವಿಷಯವೂ ಇದೇ ಬಗೆಯದು. ಬ್ರೆಜಿಲ್ ದೇಶದಲ್ಲಿ ೪೪ ಮಂದಿಗೆ ಗರ್ಭನಿರೋಧಕ ಗುಳಿಗೆಯ ಜೊತೆಯಲ್ಲಿ ದಿನಕ್ಕೆ ೪೦ ಮಿಲಿಗ್ರಾಂ ರೆಸ್ವೆರಟ್ರಾಲ್ ಅಥವಾ ಹುಸಿಗುಳಿಗೆಯನ್ನು ೪೨ ದಿನ ಕೊಟ್ಟು ನೋಡಿದರು. ೨೦೧೭ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅದು ಹುಸಿಗುಳಿಗೆಗಿಂತ ಹೆಚ್ಚಿನ ಫಲವನ್ನು ಕೊಡಲಿಲ್ಲ.

೪. ಅಗಸೆ

ನಮ್ಮ ಎರೆಭೂಮಿಯ ಹಿಂಗಾರಿಗೆ ಅಗಸೆಯು ಪರಿಚಿತವಾದ ಬೆಳೆ. ಜೋಳದ ರೊಟ್ಟಿಯ ಸಂಗಡ ಅಗಸೆ ಹಿಂಡಿಯು ಮನೆಮನೆಯ ಆಹಾರ. ಅಗಸೆಯ ಎಣ್ಣೆಯಲ್ಲಿ ಒಮೆಗಾ-೩ ಎಂಬ ವರ್ಗದ ಮೇದಸ್ಸು ಇರುವುದರಿಂದ ಅದೂ ಈ ವ್ಯಾಧಿಗೆ ಔಷಧವೆಂದು ಈಗ ಹೊಗಳಲ್ಪಡುತ್ತಿದೆ. ಅದೇ ವರ್ಗದ ಮೇದಸ್ಸುಳ್ಳ ಮೀನೆಣ್ಣೆಯನ್ನು ಅಮೇರಿಕಾದ ಬಾಸ್ಟನ್ ನಗರದಲ್ಲಿ ಈ ವ್ಯಾಧಿಯುಳ್ಳ ಹುಡುಗಿಯರಿಗೂ ತರುಣಿಯರಿಗೂ ಆರು ತಿಂಗಳು ಕೊಟ್ಟು ಪರೀಕ್ಷಿಸಿದರು. ೬೯ ಮಂದಿ ಸೇರಿದ್ದ ಆ ಪರೀಕ್ಷೆಯ ಫಲಿತಾಂಶವು ೨೦೨೦ರಲ್ಲಿ ಪ್ರಕಟವಾಯಿತು. ಮೀನೆಣ್ಣೆಯು ಹುಸಿಗುಳಿಗೆಯನ್ನು ಮೀರಿಸಲಿಲ್ಲ. ಆದಕಾರಣ ಅಗಸೆಯನ್ನು ಆಹಾರವೆಂದು ಧಾರಾಳವಾಗಿ ತಿನ್ನಬಹುದು. ಹೊಲದಲ್ಲಿ ಬೆಳೆದ ಅದೇ ಕಾಳನ್ನು ಪುಡಿಮಾಡಿ ಡಬ್ಬಿಯಲ್ಲಿ ತುಂಬಿ ಔಷಧದ ಬೆಲೆಗೆ ಮಾರಿದರೆ ಕೊಳ್ಳಬೇಕಾದುದಿಲ್ಲ.

೫. ಅಶೋಕದ ತೊಗಟೆ

ಸ್ತ್ರೀಯರ ವ್ಯಾಧಿಗಳಿಗೆಂದು ನಮ್ಮ ದೇಶದಲ್ಲಿ ಪ್ರಾಚೀನಕಾಲದಿಂದ ಹೆಸರಾದುದು ಅಶೋಕದ ತೊಗಟೆ. ಅಶೋಕಾರಿಷ್ಟವು ಇದರಿಂದಲೇ ಆಗತಕ್ಕದ್ದು. ಹಿರಿಯರ ಅನುಭವವು ಗೌರವಾರ್ಹವಾದುದು, ಪರೀಕ್ಷೆಗೆ ಯೋಗ್ಯವಾದುದು. ಆದರೆ ಎಂಡೊಮೆಟ್ರಿಯೋಸಿಸ್ ವ್ಯಾಧಿಗೆ ಅದು ಗುಣಕಾರಿಯೆಂಬುದು ಮೇಲೆ ಹೇಳಿದ ಬಗೆಯ ದೊಡ್ಡ ಪರೀಕ್ಷೆಯಿಂದ ಸಿದ್ಧವಾಗಿಲ್ಲ.

ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಅಂಗಡಿಯಲ್ಲಿ ಅಶೋಕದ ತೊಗಟೆಯೆಂದು ಕೊಡುವುದು ನಿಜವಾಗಿ ಅಶೋಕದ್ದೇ? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿದ್ವಾಂಸರೂ ಸೇರಿದ್ದ ಸಂಶೋಧಕರು, ಮೂಲಿಕೆ ವ್ಯಾಪಾರದಲ್ಲಿ ಈ ಹೆಸರಿನಿಂದ ನಡೆಯುವ ತೊಗಟೆಯ ಮಾದರಿಗಳನ್ನು ಸಂಗ್ರಹಿಸಿ, ಅವುಗಳ ವಂಶಾಂಶವಾದ ಡಿಎನ್‌ಎಯನ್ನು ಪರೀಕ್ಷಿಸಿದರು. ೨೦೧೬ರಲ್ಲಿ ಪ್ರಕಟವಾದ ಅವರ ವರದಿಯಂತೆ ನೂರಕ್ಕೆ ೮೦ಕ್ಕಿಂತಲೂ ಹೆಚ್ಚು ಮಾದರಿಗಳು ಅಶೋಕದವೇ ಆಗಿರಲಿಲ್ಲ. ಬೀಜದ ಚೀಲದಲ್ಲಿ ನೂರಕ್ಕೆ ಎಂಬತ್ತು ಪಾಲು ಬೇರೆ ಕಾಳು ಬಂದರೆ ಒಕ್ಕಲಿಗನು ಸುಮ್ಮನಿರುವನೇ? ಔಷಧದ ವಿಷಯದಲ್ಲಿ ಮಾತ್ರ ನಾವು ಸುಮ್ಮನಿದ್ದೇವೆ.

ಈ ವ್ಯತ್ಯಾಸವನ್ನು ವಾಚಕರು ತಮ್ಮ ಊರಿನಲ್ಲಿಯೇ ನೋಡಬಹುದು. ಶಾಲೆ ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ಬೆಳೆದು, ಅಂಚು ಅಲೆಯಲೆಯಾದ ಉದ್ದನೆಯ ಬಿಡಿ ಎಲೆಗಳನ್ನು ಇಳಿಬಿಟ್ಟು, ಹಸುರು ಛಾಯೆಯ ಸಣ್ಣ ಹೂ ಬಿಡುವ ಮರವನ್ನು ಜನರು ಅಶೋಕವೆನ್ನುವರು. ಅದು ಕಂಬದ ಅಶೋಕ. ಔಷಧದ ಅಶೋಕಕ್ಕೂ ಅದಕ್ಕೂ ಕುಲಸಂಬಂಧವಿಲ್ಲ. ಅಶೋಕದ ತೊಗಟೆಯಲ್ಲಿ ಬೆರಕೆಯಾಗುವ ತೊಗಟೆಗಳಲ್ಲಿ ಇದರದೂ ಒಂದು. ನಿಜವಾದ ಅಶೋಕವು ಗಾತ್ರದಲ್ಲಿ ಚಿಕ್ಕದು. ಅದರ ಒಂದೊಂದು ಎಲೆಯೂ ಹಲವು ಜೋಡಿ ಕಿರುಎಲೆಗಳಿಂದ ಕೂಡಿರುತ್ತದೆ. ಚಿಗುರು ತಾಮ್ರವರ್ಣದಲ್ಲಿ ಜೋತುಬೀಳುತ್ತದೆ. ಹೂಗಳು ಕಿತ್ತಿಳೆ ಕೆಂಪು ಬಣ್ಣದ ಗೊಂಚಲುಗಳಾಗಿ ಬಿಡುತ್ತವೆ. ಪಶ್ಚಿಮಘಟ್ಟದ ತೇವವುಳ್ಳ ನೆರಳಿನ ಕಾಡುಗಳು ಅದರ ನೆಲೆ. ತೊಗಟೆಗಾಗಿ ಮರಗಳನ್ನು ಸುಲಿದುದರಿಂದ ಕಾಡಿನಲ್ಲಿ ಅದರ ಸಂತತಿಯೇ ಅಪಾಯಕ್ಕೆ ಬಂದಿದೆ.

ಜಮೀನುದಾರರು ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. "ಸ್ತ್ರೀರೋಗದ ಮೂಲಿಕೆಗೆ ಪೇಟೆಯಲ್ಲಿ ಚಿನ್ನದ ಬೆಲೆ, ಸಸಿ ನಾವು ಕೊಡುತ್ತೇವೆ, ಫಸಲನ್ನು ನಾವೇ ಕೊಳ್ಳುತ್ತೇವೆ" ಎಂದು ಹೇಳಿಕೊಂಡು ಬರುವವರ ಮಾತಿಗೆ ಮರುಳಾಗಿ ಹೊಲವನ್ನು ಒಪ್ಪಿಸಬಾರದು. ವರುಷಕ್ಕೆ ೬೦೦ ಮಿಲ್ಲಿಮೀಟರ್ ಆಸುಪಾಸು ಮಳೆಯಾಗುವ ನಮ್ಮ ಸೀಮೆಯ ಮಳೆಯಾಶ್ರಯದ ಭೂಮಿಯು ಅಶೋಕಕ್ಕೆ ತಕ್ಕುದಲ್ಲ. ಬೇರೆ ಯಾವ ಮೂಲಿಕೆಯಾದರೂ, ಕೊಳ್ಳುವವನ ಕರಾರು ಬರೆಹದಲ್ಲಿ ಇದ್ದು, ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ದೊರೆತ ಮೇಲೆ, ಮೊದಲು ಕೆಲವು ಗುಂಟೆಗಳಲ್ಲಿ ಮಾತ್ರ ಹಾಕಿ ನೋಡತಕ್ಕದ್ದು.

೬. ಗುಣಕಾರಿಯೆಂದು ಸಿದ್ಧವಾದ ಚಿಕಿತ್ಸೆ

ಇಷ್ಟನ್ನು ಓದಿ ಗಿಡಮೂಲಿಕೆಗಳೆಲ್ಲವೂ ನಿರರ್ಥಕವೆಂದು ತಿಳಿಯಬಾರದು. ಈ ವ್ಯಾಧಿಗೆ ವೈದ್ಯರು ಕೊಡುವ ಔಷಧಗಳಲ್ಲಿ ಒಂದಾದ ನಾರೆಥಿಸ್ಟೆರೋನ್ ಎಂಬುದು ೧೯೫೧ರಲ್ಲಿ ಮೆಕ್ಸಿಕೋ ದೇಶದಲ್ಲಿ ಮೊದಲು ತಯಾರಾದಾಗ, ಅಲ್ಲಿಯ ಕಾಡುಗೆಣಸಿನಿಂದ ತೆಗೆದ ವಸ್ತುವೇ ಅದಕ್ಕೆ ಮೂಲವಾಗಿತ್ತು. ಆದರೆ ಆ ಗೆಣಸನ್ನು ಬೇಯಿಸಿ ತಿಂದರೆ ಶರೀರವು ಅದನ್ನು ಔಷಧವನ್ನಾಗಿ ಮಾರ್ಪಡಿಸಿಕೊಳ್ಳಲಾರದು. ಗಿಡದಲ್ಲಿರುವ ಗುಣವನ್ನು ಬೇರ್ಪಡಿಸಿ, ಮಾರ್ಪಡಿಸಿ, ಅಳತೆ ಗೊತ್ತುಮಾಡಿ, ಪರೀಕ್ಷಿಸಿದ ಮೇಲೆಯೇ ಅದು ಔಷಧವಾಯಿತು.

ಅದೇ ವರ್ಗದ ಡಯನೊಜೆಸ್ಟ್ ಎಂಬ ಔಷಧವನ್ನು ಯುರೋಪಿನಲ್ಲಿ ೧೯೮ ಮಂದಿಯಲ್ಲಿ ೧೨ ವಾರ ಪರೀಕ್ಷಿಸಿ ೨೦೧೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೋವನ್ನು ನೂರು ಅಂಶಗಳ ಅಳತೆಗೋಲಿನಿಂದ ಅಳೆದಾಗ, ಹುಸಿಗುಳಿಗೆಯವರ ನೋವು ಸುಮಾರು ೧೫ ಅಂಶ ಇಳಿದಿತ್ತು. ಔಷಧದವರದು ಸುಮಾರು ೨೭ ಅಂಶ. ಆ ೧೫ ಅಂಶಗಳನ್ನು ಕಳೆದು ಉಳಿದ ೧೨ ಅಂಶಗಳೇ ಔಷಧದ ನಿಜವಾದ ಗಳಿಕೆ. ಯಾವ ಮೂಲಿಕೆಯಾದರೂ ತಾನು ಔಷಧವೆನಿಸಿಕೊಳ್ಳಬೇಕಾದರೆ ಇಂತಹ ಉಳಿಕೆಯನ್ನು ತೋರಿಸಬೇಕು. ಮೂಲಿಕೆ, ಪಥ್ಯ ಮುಂತಾದವುಗಳಲ್ಲಿ ಇಂತಹುದನ್ನೇ ಸೇವಿಸಿರೆಂದು ಶಿಫಾರಸು ಮಾಡುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಯುರೋಪಿನ ತಜ್ಞವೈದ್ಯರ ಸಂಘವು ೨೦೨೨ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಇಂದು ವೈದ್ಯರು ಮೊದಲು ನೋವುನಿವಾರಕ ಗುಳಿಗೆಗಳನ್ನೂ, ಮೇಲೆ ಹೇಳಿದ ವರ್ಗದ ಔಷಧಗಳನ್ನೂ ಅಥವಾ ಗರ್ಭನಿರೋಧಕ ಗುಳಿಗೆಗಳನ್ನೂ ಕೊಡುತ್ತಾರೆ. ಅವುಗಳಿಂದ ಸಾಲದಿದ್ದರೆ ದುರ್ಬೀನಿನ ಶಸ್ತ್ರಚಿಕಿತ್ಸೆಯಿಂದ ಹೊರಗಿನ ಪೊರೆಯನ್ನು ತೆಗೆಯುತ್ತಾರೆ. ವ್ಯಾಧಿಯನ್ನು ಬೇರುಸಹಿತ ಕೀಳುವ ಔಷಧವಿಲ್ಲ. ಆದರೆ ನೋವನ್ನು ಹತೋಟಿಯಲ್ಲಿಡುವ ಮಾರ್ಗಗಳಿವೆ. ಮಕ್ಕಳನ್ನು ಬಯಸುವವರಿಗೆ ಚಿಕಿತ್ಸೆಯ ಕ್ರಮವೇ ಬೇರೆಯಾದುದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ನೋವಿನ ಬೇಸರದಿಂದ "ಗರ್ಭಕೋಶವನ್ನೇ ತೆಗೆಸಿಬಿಡೋಣ" ಎಂದು ಅವಸರಪಡುವುದೂ ತಪ್ಪು. ನಮ್ಮದೇ ವಿಭಾಗದ ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರಿಗೆ, ಅವರಲ್ಲಿಯೂ ತಾಂಡಾಗಳ ಲಂಬಾಣಿ ಸ್ತ್ರೀಯರಿಗೂ ದಲಿತ ಸ್ತ್ರೀಯರಿಗೂ, ಅನಾವಶ್ಯಕವಾಗಿ ಗರ್ಭಕೋಶ ತೆಗೆಯಲಾಯಿತೆಂಬ ದೂರು ೨೦೧೫ರಲ್ಲಿ ದೊಡ್ಡದಾಗಿ ಎದ್ದು ಸರ್ಕಾರದ ವಿಚಾರಣೆಗೆ ಬಂದುದು ವಾಚಕರ ನೆನಪಿನಲ್ಲಿರಬಹುದು. ಈ ವ್ಯಾಧಿಯಲ್ಲಿ ಪೊರೆಯು ಗರ್ಭಕೋಶದ ಹೊರಗಿರುವುದರಿಂದ, ಗರ್ಭಕೋಶವನ್ನು ತೆಗೆದ ಮೇಲೆಯೂ ನೋವು ಉಳಿಯುವ ಸಂಭವವುಂಟು. ಎರಡನೆಯ ವೈದ್ಯರ ಅಭಿಪ್ರಾಯವನ್ನು ಕೇಳದೆ ಅಂತಹ ಶಸ್ತ್ರಚಿಕಿತ್ಸೆಗೆ ಒಪ್ಪತಕ್ಕದ್ದಲ್ಲ.

೭. ಊರಿನ ಹಿರಿಯರು ನಡೆಸಬೇಕಾದ ಕ್ರಮ

(೧) ತಿಂಗಳಿಗೆ ಎರಡು ಮೂರು ದಿನ ನೋವಿನಿಂದ ಕೆಲಸಕ್ಕೆ ಬಾರದ ಆಳುಮಗಳನ್ನು ಸೋಮಾರಿಯೆಂದು ಜರಿಯಬಾರದು. ಆಕೆಯನ್ನು ಊರಿನ ಆಶಾ ಕಾರ್ಯಕರ್ತೆಯ ಮುಖಾಂತರ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತಾಲೂಕು ಆಸ್ಪತ್ರೆಗಾಗಲಿ, ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗಾಗಲಿ ಕಳುಹಿಸಬೇಕು.

(೨) ಮಕ್ಕಳಾಗಲಿಲ್ಲವೆಂಬ ವ್ಯಾಜ್ಯವು ಹಿರಿಯರ ಮುಂದೆ ಬಂದಾಗ, ಗಂಡ ಹೆಂಡತಿ ಇಬ್ಬರೂ ವೈದ್ಯಪರೀಕ್ಷೆಗೆ ಒಳಗಾಗುವಂತೆ ಹೇಳಬೇಕು. ಹೆಣ್ಣುಮಗಳನ್ನು ತವರಿಗೆ ಅಟ್ಟುವ ಮಾತಿಗೂ ಎರಡನೆಯ ಮದುವೆಯ ಮಾತಿಗೂ ಅವಕಾಶ ಕೊಡಬಾರದು. ಈ ವ್ಯಾಧಿಯಿರುವ ಅನೇಕರಿಗೆ ಮಕ್ಕಳಾಗಿರುವುದುಂಟು.

(೩) ಸಂತೆಯಲ್ಲಿಯೋ ಮನೆಬಾಗಿಲಲ್ಲಿಯೋ ಗುಳಿಗೆ ಮಾರುವವನನ್ನು ಮೂರು ಪ್ರಶ್ನೆ ಕೇಳಬೇಕು: ಇದರಲ್ಲಿರುವ ಗಿಡ ಯಾವುದು, ಅದು ನಿಜವಾಗಿ ಆ ಗಿಡವೇ ಎಂದು ಪರೀಕ್ಷಿಸಿದವರು ಯಾರು, ಹುಸಿಗುಳಿಗೆಯೊಡನೆ ಹೋಲಿಸಿದಾಗ ಎಷ್ಟು ಅಂತರ ಬಂತು? ಉತ್ತರವಿಲ್ಲದಿದ್ದರೆ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಳ್ಳಬೇಕು.

(೪) ಮೂಲಿಕೆಯ ಔಷಧವನ್ನು ಈಗಾಗಲೇ ಸೇವಿಸುತ್ತಿರುವವರು ಅದನ್ನು ವೈದ್ಯರಿಂದ ಮರೆಮಾಚಬಾರದು. ಗರ್ಭಿಣಿಯರೂ ಗರ್ಭವನ್ನು ನಿರೀಕ್ಷಿಸುವವರೂ ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಸೇವಿಸಬಾರದು.

ಹೋಲಿಕೆಯ ತಾಕನ್ನು ನೋಡದೆ ನಾವು ಒಂದು ಚೀಲ ಗೊಬ್ಬರವನ್ನೂ ನಂಬುವುದಿಲ್ಲ. ಮನೆಯ ಹೆಣ್ಣುಮಕ್ಕಳು ಸೇವಿಸುವ ಔಷಧಕ್ಕೆ ಅದಕ್ಕಿಂತ ಕಡಿಮೆಯ ಎಚ್ಚರಿಕೆ ಸಾಕೆಂದು ಯಾವ ಗೃಹಸ್ಥನೂ ಹೇಳಲಾರನು. ಅವರ ನೋವಿನ ಮಾತನ್ನು ಮೊದಲ ಸಲ ಕೇಳಿದಾಗಲೇ ನಂಬಿ ಆಸ್ಪತ್ರೆಗೆ ಕರೆದೊಯ್ದರೆ, ಗುಳಿಗೆಗಳಿಗೆಂದು ವರ್ಷಗಟ್ಟಲೆ ಸುರಿಯುವ ಹಣವೂ ಉಳಿಯುವುದು, ಆ ವರ್ಷಗಳ ಸಂಕಟವೂ ತಪ್ಪುವುದು.